ಜಾರ್ಜ್ ಲೆನ್ನಿಯನ್ನು ಕರೆದುಕೊಂಡು ಮತ್ತೆ ಓಡಬಹುದಿತ್ತಲ್ಲ?

ಪ್ರಶ್ನೆ: ಜಾನ್ ಸ್ಟೈನ್‌ಬೆಕ್ ಬರೆದ ‘ಆಫ್ ಮೈಸ್ ಅಂಡ್ ಮೆನ್’ ಓದಿ ಮುಗಿಸಿದೆ. ಕೊನೆ ಮಾತ್ರ ಒಪ್ಪಿಗೆಯಾಗಲಿಲ್ಲ. ವೀಡ್ ಎಂಬ ಊರಿನಲ್ಲಿ ಗಲಾಟೆಯಾದಾಗ ಜಾರ್ಜ್ ಲೆನ್ನಿಯನ್ನು ಕರೆದುಕೊಂಡು ತಪ್ಪಿಸಿಕೊಂಡಿದ್ದ. ಇಲ್ಲೂ ಹಾಗೇ ಓಡಬಹುದಿತ್ತಲ್ಲ? ಅಷ್ಟು ಕಾಲ ನೋಡಿಕೊಂಡವನೇ ಗುಂಡು ಹೊಡೆದರೆ ಅದು ದಯೆ ಹೇಗಾಗುತ್ತದೆ?

ಉತ್ತರ: ಓಡಬಹುದಿತ್ತು. ಕಡೇಪಕ್ಷ ಒಂದು ಪ್ರಯತ್ನಕ್ಕೆ ಸಾಕಾಗುವಷ್ಟು ಹೊತ್ತು ಅವನ ಕೈಯಲ್ಲಿತ್ತು. ಲೆನ್ನಿ ಎಲ್ಲಿ ಅಡಗಿರುತ್ತಾನೆಂದು ಗೊತ್ತಿದ್ದದ್ದು ಜಾರ್ಜ್ ಒಬ್ಬನಿಗೇ. ಏನಾದರೂ ಎಡವಟ್ಟಾದರೆ ನದಿ ದಂಡೆಯ ಈ ಪೊದೆಗೆ ಬಂದುಬಿಡು ಎಂದು ಮೊದಲ ರಾತ್ರಿಯೇ ಬಾಯಿಪಾಠ ಮಾಡಿಸಿದವನು ಅವನು. ಹೆಂಡತಿಯನ್ನು ಲೆನ್ನಿ ಕೊಂದನೆಂದು ಕರ್ಲಿ ಬಂದೂಕು ಹಿಡಿದು ಹೊರಟು ನಿಂತಾಗ, ನಾವು ಬಂದದ್ದು ಉತ್ತರದಿಂದ, ಅವನು ದಕ್ಷಿಣಕ್ಕೇ ಹೋಗಿರಬೇಕು ಎಂದು ಹೇಳಿದವನೂ ಅವನೇ. ಹೀಗೆ ಗಿಟ್ಟಿಸಿಕೊಂಡ ಹೊತ್ತನ್ನು ಜಾರ್ಜ್ ಓಡಲು ಬಳಸಲಿಲ್ಲ. ಹಾಗಾಗಿ ‘ಅವನಿಗೆ ಬೇರೆ ದಾರಿಯೇ ಇರಲಿಲ್ಲ’ ಎಂಬ ಗೈಡ್‌ಗಳ ಉತ್ತರ ನನಗೆ ಸಾಲದು. ನಿಮ್ಮ ಅಸಮಾಧಾನ ಸರಿಯಾದ ಜಾಗದಲ್ಲೇ ಇದೆ.

ಓದದವರಿಗಾಗಿ ಎರಡು ಮಾತು. 1937ರಲ್ಲಿ ಬಂದ ಪುಟ್ಟ ಕಾದಂಬರಿ ಇದು. ಕಥೆ ನಡೆಯುವುದು ಕ್ಯಾಲಿಫೋರ್ನಿಯಾದ ಸೊಲೆಡಾಡ್ ಊರಿನ ದಕ್ಷಿಣಕ್ಕೆ, ಸಲಿನಾಸ್ ನದಿಯ ಹತ್ತಿರದ ಒಂದು ರ‍್ಯಾಂಚಿನಲ್ಲಿ. ಕುದುರೆ ಮೇಲೆ ಹ್ಯಾಟ್ ಹಾಕಿಕೊಂಡು ದನ ಅಟ್ಟುವ ಸಿನಿಮಾ ರ‍್ಯಾಂಚ್ ಅಲ್ಲ. ಬಾರ್ಲಿ ಮೂಟೆ ಹೊರುವ ಜಾಗ. ತಿಂಗಳಿಗೆ 50 ಡಾಲರ್ ಸಂಬಳ, ಮಲಗಲು ಒಂದು ಮಂಚ. ಸ್ಟೈನ್‌ಬೆಕ್ 1902ರಲ್ಲಿ ಅದೇ ಸಲಿನಾಸ್‌ನಲ್ಲಿ ಹುಟ್ಟಿದವರು, ಪ್ರಾಯದಲ್ಲಿ ಅಂಥ ಜಮೀನುಗಳಲ್ಲಿ ಕೂಲಿ ಮಾಡಿದವರು. ಊರಿಂದೂರಿಗೆ ಕೆಲಸ ಹುಡುಕಿ ಅಲೆಯುವ ಇಬ್ಬರಲ್ಲಿ ಜಾರ್ಜ್ ಸಣ್ಣ ಆಳು, ಚುರುಕು ಬುದ್ಧಿ. ಲೆನ್ನಿಗೆ ದೈತ್ಯನ ಮೈ, ಮಗುವಿನ ಮನಸ್ಸು. ಮೆತ್ತಗಿರುವುದನ್ನು ಸವರಬೇಕೆಂಬುದೊಂದೇ ಅವನ ಆಸೆ. ಸವರುತ್ತ ಸವರುತ್ತ ಇಲಿ ಸಾಯುತ್ತದೆ, ನಾಯಿಮರಿ ಸಾಯುತ್ತದೆ, ಕೊನೆಗೆ ಒಂದು ಭಾನುವಾರ ಮಧ್ಯಾಹ್ನ ಕೊಟ್ಟಿಗೆಯಲ್ಲಿ ಯಜಮಾನನ ಮಗ ಕರ್ಲಿಯ ಹೆಂಡತಿ ಸಾಯುತ್ತಾಳೆ.

ಈಗ ಆ ಕೊಟ್ಟಿಗೆಯ ಭಾಗವನ್ನು ನಿಧಾನಕ್ಕೆ ಓದೋಣ. ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ನದಿ ದಂಡೆಯಲ್ಲಲ್ಲ, ಇಲ್ಲಿ.

ಹೆಣವನ್ನು ಮೊದಲು ನೋಡುವವನು ರ‍್ಯಾಂಚಿನ ಮುದುಕ ಆಳು ಕ್ಯಾಂಡಿ. ಅವನು ಜಾರ್ಜ್‌ನನ್ನು ಕರೆತರುತ್ತಾನೆ. ಜಾರ್ಜ್ ಮೊದಲು ಆಡುವುದು ಕೊಲ್ಲುವ ಮಾತಲ್ಲ. ಹಿಡಿದು ಕೂಡಿಹಾಕಬೇಕಾಗುತ್ತದೆ, ಹಾಗೇ ಬಿಟ್ಟರೆ ಪಾಪ ಹಸಿವಿನಿಂದಲೇ ಸತ್ತುಹೋಗುತ್ತಾನೆ, ಜೈಲಿನಲ್ಲಿ ಅವನನ್ನು ಚೆನ್ನಾಗಿ ನೋಡಿಕೊಂಡರೂ ನೋಡಿಕೊಳ್ಳಬಹುದು ಎನ್ನುತ್ತಾನೆ. ಆಮೇಲೆ ಕ್ಯಾಂಡಿಗೆ ಹೇಳುತ್ತಾನೆ: ನಾನು ಮಲಗುವ ಮನೆಗೆ ಹೋಗಿರುತ್ತೇನೆ, ನೀನು ಸ್ವಲ್ಪ ತಡೆದು ಬಂದು ಎಲ್ಲರಿಗೂ ವಿಷಯ ತಿಳಿಸು, ನಾನು ಈಗಷ್ಟೇ ನೋಡುತ್ತಿರುವವನಂತೆ ಬರುತ್ತೇನೆ. ಇದರಲ್ಲಿ ತನಗೂ ಕೈ ಇತ್ತು ಎಂದು ಜನ ಅನುಮಾನಿಸಬಾರದು ಎಂಬುದು ಅವನು ಕೊಡುವ ಕಾರಣ. ಓದುಗರು ನಂಬಿ ಮುಂದೆ ಹೋಗುತ್ತಾರೆ.

ಎಲ್ಲರೂ ಓಡಿಬರುತ್ತಾರೆ. ಕಾರ್ಲ್‌ಸನ್ ಎಂಬ ಆಳು ತನ್ನ ಲೂಗರ್ ಪಿಸ್ತೂಲು ತರಲು ಹೋಗುತ್ತಾನೆ. ಅಷ್ಟರಲ್ಲಿ ಜಾರ್ಜ್, ಆಳುಗಳೆಲ್ಲ ಗೌರವಿಸುವ ಸ್ಲಿಮ್‌ನನ್ನು ಕೇಳುತ್ತಾನೆ, ಹಿಡಿದು ತಂದು ಕೂಡಿಹಾಕಲು ಆಗುವುದಿಲ್ಲವೇ, ಅವನೇನು ಕೇಡಿಗತನದಿಂದ ಮಾಡಿದ್ದಲ್ಲವಲ್ಲ ಎಂದು. ಜಾರ್ಜ್‌ನ ಹ್ಯಾಟು ಕಣ್ಣು ಮುಚ್ಚುವಷ್ಟು ಕೆಳಗಿಳಿದಿದೆ. ಸ್ಲಿಮ್ ಹೇಳುವುದಿಷ್ಟು: ಕರ್ಲಿ ಬಿಡುವುದಿಲ್ಲ, ಬಿಟ್ಟರೂ ಅವನನ್ನು ಕಟ್ಟಿ ಗೂಡಿನಲ್ಲಿಡುತ್ತಾರೆ, ಅದು ಒಳ್ಳೆಯದಲ್ಲ. ಆಗ ಕಾರ್ಲ್‌ಸನ್ ವಾಪಸು ಬಂದು ಕೂಗುತ್ತಾನೆ: ಆ ಲೆನ್ನಿ ನನ್ನ ಪಿಸ್ತೂಲು ಕದ್ದಿದ್ದಾನೆ!

ಪಿಸ್ತೂಲು ಜಾರ್ಜ್‌ನ ಬಳಿ ಇದೆ. ಅವನು ಅದನ್ನು ತೆಗೆದುಕೊಂಡದ್ದನ್ನು ಸ್ಟೈನ್‌ಬೆಕ್ ಎಲ್ಲೂ ಬರೆದಿಲ್ಲ. ಕ್ಯಾಂಡಿಯನ್ನು ಕಾಯಿಸಿದ ಆ ಸ್ವಲ್ಪ ಹೊತ್ತಿನಲ್ಲಲ್ಲದೆ ಬೇರೆ ಯಾವಾಗ ತೆಗೆದುಕೊಂಡಿರಲು ಸಾಧ್ಯ? ಅಂದರೆ ‘ಕೂಡಿಹಾಕಲು ಆಗುವುದಿಲ್ಲವೇ’ ಎಂದು ಸ್ಲಿಮ್‌ನನ್ನು ಕೇಳುವಾಗ ಪಿಸ್ತೂಲು ಆಗಲೇ ಅವನ ಜೇಬಿನಲ್ಲಿತ್ತು. ಕೊಲ್ಲಲು ಸಿದ್ಧನಾಗಿಯೂ ಕೊಲ್ಲದಿರಲು ಯಾರಾದರೂ ಒಂದು ಕಾರಣ ಕೊಡಲಿ ಎಂದು ಅವನು ಕೇಳುತ್ತಿದ್ದಾನೆ ಎಂದೇ ನಾನು ಓದಿಕೊಳ್ಳುವುದು. ಇಡೀ ರ‍್ಯಾಂಚಿನಲ್ಲಿ ನ್ಯಾಯವಂತ ಎನ್ನಿಸಿಕೊಂಡವನ ಹತ್ತಿರವೂ ಆ ಕಾರಣ ಸಿಗುವುದಿಲ್ಲ.

ಸ್ಲಿಮ್‌ನನ್ನು ಬಹಳ ಜನ ದೇವರಂತೆ ನೋಡುತ್ತಾರೆ, ಲೇಖಕರೂ ಹಾಗೇ ಚಿತ್ರಿಸಿದ್ದಾರೆ. ಆದರೆ ಅವನ ದಯೆಯ ಲೆಕ್ಕ ಗಮನಿಸಿ. ಅವನ ನಾಯಿ ಒಂಬತ್ತು ಮರಿ ಹಾಕುತ್ತದೆ. ತಾಯಿಗೆ ಅಷ್ಟಕ್ಕೆ ಹಾಲೂಡಿಸಲಾಗದೆಂದು ನಾಲ್ಕನ್ನು ನೀರಿನಲ್ಲಿ ಮುಳುಗಿಸುತ್ತಾನೆ. ಕ್ಯಾಂಡಿಯ ಮುದಿ ನಾಯಿ ನಾರುತ್ತದೆ, ಕೊಂದುಬಿಡೋಣ ಎಂದು ಕಾರ್ಲ್‌ಸನ್ ಹಟ ಹಿಡಿದಾಗ ಕ್ಯಾಂಡಿ ಆಸೆಯಿಂದ ನೋಡುವುದು ಸ್ಲಿಮ್‌ನ ಮುಖವನ್ನೇ. ಸ್ಲಿಮ್ ಕಾರ್ಲ್‌ಸನ್ ಪರ ನಿಲ್ಲುತ್ತಾನೆ: ಮುದುಕನಾಗಿ ಕುಂಟನಾದರೆ ನನ್ನನ್ನೂ ಯಾರಾದರೂ ಗುಂಡಿಟ್ಟು ಕೊಲ್ಲಲಿ. ಇದರಲ್ಲಿ ಕ್ರೌರ್ಯವಿಲ್ಲ, ಆದರೆ ದುಡಿಯಲಾಗದ ಜೀವವನ್ನು ಇಟ್ಟುಕೊಳ್ಳುವ ಯೋಚನೆಯೂ ಇಲ್ಲ. ಗುಂಡು ಎಲ್ಲಿಗೆ ಬಿದ್ದರೆ ನೋವಾಗುವುದಿಲ್ಲ ಎಂದು ಕಾರ್ಲ್‌ಸನ್ ನಾಯಿಯ ತಲೆಯ ಹಿಂಭಾಗವನ್ನು ಬೂಟಿನ ತುದಿಯಿಂದ ತೋರಿಸುತ್ತಾನೆ. ಕೊಂದು ಬಂದ ಮೇಲೆ ಕ್ಯಾಂಡಿಯ ಎದುರೇ ಕೂತು ಪಿಸ್ತೂಲು ಸ್ವಚ್ಛ ಮಾಡುತ್ತಾನೆ. ಜಾರ್ಜ್ ಅದೇ ಕೋಣೆಯಲ್ಲಿದ್ದಾನೆ, ಕೈಯಲ್ಲಿ ಇಸ್ಪೀಟು. ಆಮೇಲೆ ಕ್ಯಾಂಡಿ ಅವನೊಡನೆ ಹೇಳಿಕೊಳ್ಳುತ್ತಾನೆ: ನನ್ನ ನಾಯಿಯನ್ನು ನಾನೇ ಕೊಲ್ಲಬೇಕಿತ್ತು, ಪರರ ಕೈಗೆ ಬಿಡಬಾರದಿತ್ತು. ಲೆನ್ನಿಗೆ ಬಿದ್ದದ್ದು ಅದೇ ಪಿಸ್ತೂಲಿನ ಗುಂಡು, ಅದೇ ಜಾಗಕ್ಕೆ.

ಹಾಗಾದರೆ ಕೊಲ್ಲುವುದನ್ನು ಜಾರ್ಜ್ ರ‍್ಯಾಂಚಿನಿಂದ ಕಲಿತ. ಪ್ರೀತಿ ಮಾತ್ರ ಅವನ ಸ್ವಂತದ್ದು. ಅದಕ್ಕೇ ಲೆನ್ನಿಗೆ ಹೊಳೆಯಾಚೆ ನೋಡು ಎನ್ನುತ್ತಾನೆ, ಒಂದು ದಿನ ತಮ್ಮದೇ ಜಮೀನು ಕೊಂಡು ಮೊಲ ಸಾಕುವ ತಮ್ಮ ಕನಸಿನ ಕಥೆಯನ್ನು ಮತ್ತೊಮ್ಮೆ ಹೇಳುತ್ತಾನೆ. ಒಮ್ಮೆ ಎತ್ತಿದ ಕೈ ನಡುಗಿ ಕೆಳಗಿಳಿಯುತ್ತದೆ. ದಯೆಯೋ ದ್ರೋಹವೋ ಎಂದು ಒಂದನ್ನೇ ಆರಿಸಿ ಎಂದರೆ ನಾನು ದಯೆ ಎಂದೇ ಹೇಳುತ್ತೇನೆ, ಆದರೆ ಅದು ಸೋತವನ ದಯೆ.

ಓಡಿದ್ದರೆ? ವೀಡ್‌ನಲ್ಲಿ ಲೆನ್ನಿ ಹಿಡಿದದ್ದು ಒಬ್ಬ ಹುಡುಗಿಯ ಕೆಂಪು ಉಡುಪು. ಅವಳು ಕಿರುಚಿದಳು, ಅವನು ಗಾಬರಿಯಲ್ಲಿ ಇನ್ನೂ ಬಿಗಿ ಹಿಡಿದ. ಇಬ್ಬರೂ ನೀರಾವರಿ ಕಾಲುವೆಯಲ್ಲಿ ಅಡಗಿ ಕೂತು, ಕತ್ತಲಾದ ಮೇಲೆ ಪಾರಾದರು. ಅಲ್ಲಿ ಯಾರೂ ಸತ್ತಿರಲಿಲ್ಲ. ಈ ಸಲ ಓಡಿದ್ದರೆ ಮುಂದಿನ ಊರಿನಲ್ಲಿ ಮತ್ತೊಬ್ಬ ಹೆಣ್ಣುಮಗಳು ಸಿಗುತ್ತಿದ್ದಳು. ಇದನ್ನು ನಾವು ಸುಲಭವಾಗಿ ಮರೆಯುತ್ತೇವೆ, ಏಕೆಂದರೆ ಕಾದಂಬರಿಯಲ್ಲಿ ಸತ್ತವಳಿಗೆ ಹೆಸರೇ ಇಲ್ಲ, ಬರೀ ಕರ್ಲಿಯ ಹೆಂಡತಿ. ಸಿನಿಮಾ ನಟಿಯಾಗುವ ಕನಸಿದ್ದವಳು, ಮಾತಾಡಲು ಯಾರೂ ಸಿಗದೆ ಗಂಡಸರು ಕೂತಲ್ಲಿಗೆ ಬಂದು ಬೈಸಿಕೊಳ್ಳುವವಳು. ಹೆಣ ನೋಡಿದ ಕ್ಯಾಂಡಿ ಕೂಡ ಬೈಯುವುದು ಅವಳನ್ನೇ, ತಾನೂ ಪಾಲುದಾರನಾಗಿದ್ದ ಆ ಜಮೀನಿನ ಕನಸು ಹಾಳುಮಾಡಿದಳೆಂದು.

ಕೂಡಿಹಾಕಿಸುವ ದಾರಿಯೂ ನಾವು ಈಗ ಊಹಿಸಿಕೊಳ್ಳುವಷ್ಟು ಸಲೀಸಾಗಿರಲಿಲ್ಲ. ಕಾದಂಬರಿ ಇದನ್ನು ಹೇಳುವುದಿಲ್ಲ, ಆದರೆ ಸರ್ಕಾರಿ ಮಾನಸಿಕ ಆಸ್ಪತ್ರೆಗಳಲ್ಲಿ ಇದ್ದವರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಲು ಅವಕಾಶ ಕೊಟ್ಟ ಕಾಯ್ದೆ ಕ್ಯಾಲಿಫೋರ್ನಿಯಾದಲ್ಲಿ 1909ರಿಂದಲೇ ಇತ್ತು. ವೃದ್ಧಾಪ್ಯ ಪಿಂಚಣಿ ತಂದ 1935ರ ಸಾಮಾಜಿಕ ಭದ್ರತಾ ಕಾಯ್ದೆ ಕೃಷಿ ಕಾರ್ಮಿಕರನ್ನು ಹೊರಗಿಟ್ಟಿತ್ತು. ರ‍್ಯಾಂಚಿನ ಕೆಲಸದಲ್ಲಿ ಒಂದು ಕೈ ಕಳೆದುಕೊಂಡದ್ದಕ್ಕೆ ಕ್ಯಾಂಡಿಗೆ ಸಿಕ್ಕಿದ್ದು 250 ಡಾಲರ್. ಅವರು ಕನಸಿದ ಜಮೀನಿನ ಬೆಲೆ 600. ಕುದುರೆ ಲಾಯದ ಕ್ರೂಕ್ಸ್‌ಗೆ, ಕರಿಯನೆಂಬ ಕಾರಣಕ್ಕೆ, ಉಳಿದವರ ಜೊತೆ ಮಲಗಲೂ ಅವಕಾಶವಿಲ್ಲ. ತಲೆಯಲ್ಲಿ ಜಮೀನು ಹೊತ್ತು ಬಂದ ನೂರಾರು ಜನರನ್ನು ನೋಡಿದ್ದೇನೆ, ಒಬ್ಬನಿಗೂ ಸಿಕ್ಕಿದ್ದಿಲ್ಲ ಎಂದು ಮೊದಲೇ ಎಚ್ಚರಿಸಿದವನು ಅವನೇ. ಹೆಣದ ಮುಂದೆ ಜಾರ್ಜ್ ಕೂಡ ಒಪ್ಪಿಕೊಳ್ಳುತ್ತಾನೆ, ಆ ಜಮೀನು ಸಿಗುವುದಿಲ್ಲವೆಂದು ತನಗೆ ಬಹುಶಃ ಮೊದಲಿನಿಂದಲೂ ಗೊತ್ತಿತ್ತು, ಲೆನ್ನಿ ಕೇಳಿ ಕೇಳಿ ತಾನೂ ನಂಬತೊಡಗಿದ್ದೆ ಎಂದು. ಇನ್ನು ತಿಂಗಳು ಪೂರ ದುಡಿದು ಆ 50 ಡಾಲರನ್ನು ಸೂಳೆಮನೆಯಲ್ಲಿ ಕಳೆಯುತ್ತೇನೆ ಎನ್ನುತ್ತಾನೆ. ಲೆನ್ನಿ ಇನ್ನೂ ಬದುಕಿರುವಾಗಲೇ ಆಡಿದ ಮಾತು ಅದು.

ನಿಮ್ಮ ಪ್ರಶ್ನೆಗೆ ಕಾದಂಬರಿಯ ಹೊರಗೂ ಒಂದು ಉತ್ತರವಿದೆ. ತಾನು ಹಲವು ವಾರ ಜೊತೆಗೆ ಕೆಲಸ ಮಾಡಿದ ಒಬ್ಬ ನಿಜವಾದ ಮನುಷ್ಯನೇ ಲೆನ್ನಿ ಎಂದು ಸ್ಟೈನ್‌ಬೆಕ್ 1937ರಲ್ಲಿ ನ್ಯೂಯಾರ್ಕ್ ಟೈಮ್ಸ್‌ಗೆ ಹೇಳಿದ್ದರು. ಆತ ಕೊಂದದ್ದು ಹೆಣ್ಣನ್ನಲ್ಲ. ತನ್ನ ಗೆಳೆಯನನ್ನು ಕೆಲಸದಿಂದ ತೆಗೆದ ಸಿಟ್ಟಿಗೆ ಮೇಸ್ತ್ರಿಯ ಹೊಟ್ಟೆಗೆ ಹುಲ್ಲೆತ್ತುವ ಕವೆಗೋಲು ಚುಚ್ಚಿದ್ದ. ಅವನಿಗೆ ಯಾರೂ ಗುಂಡು ಹೊಡೆಯಲಿಲ್ಲ. ಕಾದಂಬರಿ ಪ್ರಕಟವಾದ ವರ್ಷ ಆತ ಕ್ಯಾಲಿಫೋರ್ನಿಯಾದ ಒಂದು ಮಾನಸಿಕ ಆಸ್ಪತ್ರೆಯಲ್ಲಿದ್ದ.