ಅಯಸ್ಕಾಂತದ ಕೆಳಗೆ ಒಂದೇ ಅಣು: ಅತಿ ಸಣ್ಣ ಬಲಗಳನ್ನು ಅಳೆದ ಕಥೆ

ಕೇಂಬ್ರಿಜ್‌ನ ಸ್ಟ್ರೇಂಜ್‌ವೇಸ್ ಪ್ರಯೋಗಾಲಯದಲ್ಲಿದ್ದಾಗ, ಮುಂದೆ ಡಿಎನ್‌ಎಯ ರಚನೆಯನ್ನು ಕಂಡುಹಿಡಿದವರಲ್ಲಿ ಒಬ್ಬರಾದ ಫ್ರಾನ್ಸಿಸ್ ಕ್ರಿಕ್ ಅವರು ಆರ್ಥರ್ ಹ್ಯೂಸ್ ಅವರೊಡನೆ ಸೇರಿ, ಕೋಳಿಯ ಜೀವಕೋಶಗಳ ಒಳಹೊಕ್ಕ ಕಾಂತೀಯ ಕಣಗಳನ್ನು ಹೊರಗಿನ ಅಯಸ್ಕಾಂತದಿಂದ ಎಳೆದು ತಿರುಗಿಸಿ, ಕೋಶದ್ರವ್ಯ ಎಷ್ಟು ಮಂದವಾಗಿದೆ, ಎಳೆತ ನಿಂತಾಗ ಎಷ್ಟು ಹಿಂದಕ್ಕೆ ಮರಳುತ್ತದೆ ಎಂಬುದನ್ನು ಪರೀಕ್ಷಿಸಿದರು. ಆ ಪ್ರಬಂಧ 1950ರಲ್ಲಿ ಪ್ರಕಟವಾಯಿತು. ಡಿಎನ್‌ಎಯ ಜೋಡಿ ಸುರುಳಿ ಆಗಿನ್ನೂ ಯಾರಿಗೂ ತಿಳಿದಿರಲಿಲ್ಲ.

ಬಿಡಿ ಅಣುವನ್ನೇ ಹಿಡಿಯುವ ಪ್ರಯತ್ನ ಕೈಗೂಡಲು ನಾಲ್ಕು ದಶಕಗಳು ಬೇಕಾದವು. 1992ರಲ್ಲಿ ಸ್ಟೀವನ್ ಸ್ಮಿತ್, ಲಾರಾ ಫಿನ್ಜಿ ಮತ್ತು ಕಾರ್ಲೋಸ್ ಬುಸ್ಟಮಾಂಟೆ ಅವರು ಡಿಎನ್‌ಎಯ ಒಂದು ತುದಿಯನ್ನು ಗಾಜಿಗೂ ಇನ್ನೊಂದನ್ನು ಕಾಂತೀಯ ಮಣಿಗೂ ಅಂಟಿಸಿ, ಅಯಸ್ಕಾಂತದ ಸೆಳೆತ ಮತ್ತು ದ್ರವದ ಹರಿವು ಎರಡನ್ನೂ ಬಳಸಿ ಅದನ್ನು ಹಿಗ್ಗಿಸಿದರು.

ಇಲ್ಲಿನ ಬಲಗಳ ಮಾನ ಪಿಕೋನ್ಯೂಟನ್, ಅಂದರೆ ಹೆಚ್ಚುಕಡಿಮೆ ಒಂದು ಕೆಂಪು ರಕ್ತಕಣದ ತೂಕದಷ್ಟು. ಇಂಥ ಬಲವನ್ನು ತೂಗಲು ತಕ್ಕಡಿಯಿಲ್ಲ. ನೀರಿನ ಅಣುಗಳು ಸತತವಾಗಿ ಬಡಿಯುವುದರಿಂದ ಮಣಿ ಅತ್ತಿತ್ತ ನಡುಗುತ್ತಲೇ ಇರುತ್ತದೆ; ಅಯಸ್ಕಾಂತ ಬಲವಾಗಿ ಎಳೆದಷ್ಟೂ ಆ ನಡುಕ ಕಿರಿದಾಗುತ್ತದೆ. ಆದ್ದರಿಂದ ನಡುಕದ ವಿಸ್ತಾರ, ಡಿಎನ್‌ಎ ಎಳೆಯ ಉದ್ದ ಮತ್ತು ಉಷ್ಣತೆ ಇಷ್ಟು ತಿಳಿದರೆ ಬಲವನ್ನು ನೇರವಾಗಿ ಲೆಕ್ಕ ಹಾಕಬಹುದು. 10 ಮೈಕ್ರೋಮೀಟರ್ ಉದ್ದದ ಎಳೆಯನ್ನು 1 ಪಿಕೋನ್ಯೂಟನ್ ಬಲ ಎಳೆಯುತ್ತಿದ್ದರೆ, ಮಣಿ ಸರಾಸರಿ 200 ನ್ಯಾನೋಮೀಟರ್‌ನಷ್ಟು ಪಕ್ಕಕ್ಕೆ ಸರಿಯುತ್ತದೆ. ಅಳತೆಗೆ ಅಡ್ಡಿಯೆನಿಸಬಹುದಾಗಿದ್ದ ಚಲನೆಯೇ ಅಳತೆಗೋಲಾದದ್ದು ಈ ವಿಧಾನದ ಅತ್ಯಂತ ಸುಂದರ ಅಂಶವೆಂದು ನನಗನ್ನಿಸುತ್ತದೆ.

1996ರಲ್ಲಿ ಪ್ಯಾರಿಸ್‌ನ ಎಕೋಲ್ ನಾರ್ಮಾಲ್ ಸುಪೀರಿಯರ್‌ನ ಟೆರೆನ್ಸ್ ಸ್ಟ್ರಿಕ್, ಡೇವಿಡ್ ಬೆನ್ಸಿಮನ್, ವಿನ್ಸೆಂಟ್ ಕ್ರೋಕೆತ್ ಮತ್ತು ಸಂಗಡಿಗರು ಇನ್ನೊಂದು ಹೆಜ್ಜೆ ಮುಂದಿಟ್ಟರು. ಅವರು ಡಿಎನ್‌ಎಯ ಎರಡೂ ತುದಿಗಳನ್ನು ಹಲವು ಕಡೆ ಬಿಗಿದಿದ್ದರಿಂದ, ಅಯಸ್ಕಾಂತವನ್ನು ಸುತ್ತಿಸಿದರೆ ಮಣಿಯೂ ಸುತ್ತಿ ಎಳೆ ಹುರಿಗೊಳ್ಳುತ್ತಿತ್ತು. ಸೆಳೆತ ಕಡಿಮೆಯಿದ್ದಾಗ, ಹುರಿ ಮಿತಿಮೀರಿದ ಎಳೆ ತನ್ನ ಮೇಲೆಯೇ ಸುತ್ತಿಕೊಂಡು ಗಿಡ್ಡವಾಗುತ್ತದೆ, ಮಣಿ ಕೆಳಗಿಳಿಯುತ್ತದೆ. ಜೀವಕೋಶದಲ್ಲಿ ಇಂಥ ಸಿಕ್ಕು ಬಿಡಿಸುವುದು ಟೋಪೋಐಸೋಮರೇಸ್ ಕಿಣ್ವಗಳ ಕೆಲಸ. ಅವುಗಳಲ್ಲಿ ಎರಡನೆಯ ಬಗೆಯ ಒಂದು ಕಿಣ್ವ ಪ್ರತಿ ಸಲ ಎರಡೆರಡು ಸುತ್ತು ಬಿಚ್ಚುವುದನ್ನು ಇದೇ ತಂಡ 2000ದಲ್ಲಿ ಮಣಿಯ ಏರಿಕೆಯ ಮೆಟ್ಟಿಲುಗಳಲ್ಲೇ ಕಂಡಿತು. ಎಟೊಪೊಸೈಡ್‌ನಂಥ ಕ್ಯಾನ್ಸರ್ ಔಷಧಿಗಳು ತಡೆಯುವುದು ಈ ಬಗೆಯ ಕಿಣ್ವಗಳ ಕೆಲಸವನ್ನೇ.

2009ರ ಹೊತ್ತಿಗೆ ವಿಧಾನ ಪ್ರೋಟೀನ್‌ಗಳಿಗೂ ಹಬ್ಬಿತ್ತು. ಜೀವಕೋಶ ತನ್ನ ಸುತ್ತಲಿನ ನೆಲೆಗೆ ಅಂಟಿಕೊಳ್ಳಲು ನೆರವಾಗುವ ಟ್ಯಾಲಿನ್ ಪ್ರೋಟೀನನ್ನು ಕಾಂತದಿಂದ ಎಳೆದಾಗ ಅದರ ಮಡಿಕೆ ಬಿಚ್ಚಿ, ಒಳಗೆ ಮುಚ್ಚಿಹೋಗಿದ್ದ ಜಾಗಗಳು ತೆರೆದುಕೊಂಡು, ವಿಂಕ್ಯುಲಿನ್ ಎಂಬ ಮತ್ತೊಂದು ಪ್ರೋಟೀನ್ ಅಲ್ಲಿ ಬಂದು ಕೂರುವುದು ಆ ವರ್ಷ ವರದಿಯಾಯಿತು.