‘ಬಾಳೋ ಬಾಳೋ’ ಹಾಡಿನಲ್ಲಿ ಏನು ಹೇಳುತ್ತಾರೆ?

ಪ್ರಶ್ನೆ: ಕೊಡಗಿನ ಮದುವೆಯೊಂದರಲ್ಲಿ ನಾಲ್ಕು ಜನ ದುಡಿ ಎಂಬ ಪುಟ್ಟ ಚರ್ಮವಾದ್ಯ ಬಾರಿಸುತ್ತಾ ತುಂಬಾ ಹೊತ್ತು ಹಾಡಿದರು. ‘ಬಾಳೋ ಬಾಳೋ’ ಬಿಟ್ಟು ಬೇರೇನೂ ಅರ್ಥವಾಗಲಿಲ್ಲ. ಅದರಲ್ಲಿ ಏನಿರುತ್ತದೆ?

ಉತ್ತರ: ನೀವು ಕೇಳಿದ್ದು ಬಾಳೋ ಪಾಟ್. ಇಬ್ಬರು ಒಂದು ಸಾಲು ಹಾಡುತ್ತಾರೆ, ಇನ್ನಿಬ್ಬರು ಅದನ್ನೇ ತಿರುಗಿ ಹಾಡುತ್ತಾರೆ. ಭಾಷೆ ಕೊಡವ ತಕ್ಕ್. ಹಾಗಾಗಿ ಕನ್ನಡದ ಕಿವಿಗೆ ಅಲ್ಲೊಂದು ಇಲ್ಲೊಂದು ಮಾತು ಮಾತ್ರ ಸಿಗುತ್ತದೆ.

ಮೊದಲು ದೇವರ ಸ್ತುತಿ. ಆಮೇಲೆ ನಾಡಿನ ಹೊಗಳಿಕೆ. ಈ ಭಾಗವೇ ನನಗೆ ಬಹಳ ಇಷ್ಟ. ಹಾಡು ಭೂಮಿಯಿಂದ ಶುರುವಾಗಿ ಕೊಡಗಿಗೆ ಬರುತ್ತದೆ. ಅಲ್ಲಿಂದ ನಾಡು, ಊರು, ಒಕ್ಕ (ಮನೆತನ), ಕೊನೆಗೆ ನೀವು ಊಟಕ್ಕೆ ಕೂತಿದ್ದ ಆ ಮನೆಯ ಬಾಗಿಲಿಗೇ ಬಂದು ನಿಲ್ಲುತ್ತದೆ. ಹಳೆಯ ಕೊಡಗನ್ನು 12 ಕೊಂಬು ಎಂಬ ದೊಡ್ಡ ವಿಭಾಗಗಳು, ಅವುಗಳೊಳಗೆ 35 ನಾಡು ಎಂದು ಎಣಿಸುತ್ತಿದ್ದರು. ಓದು ಬರಹ ಇಲ್ಲದ ಕಾಲದಲ್ಲೂ ತಮ್ಮ ನೆಲದ ಲೆಕ್ಕ ಜನರ ಬಾಯಲ್ಲೇ ಇತ್ತು.

ಮದುವೆಗೆ ಒಂದು ಹಾಡು, ಹೊಸ ಬೆಳೆಯ ಹಬ್ಬ ಪುತ್ತರಿಗೆ ಒಂದು, ಸಾವಿಗೆ ಒಂದು. ಸಾವಿನ ಮನೆಯಲ್ಲಿ ಹೋದವರ ಬದುಕನ್ನೇ ಹಾಡುತ್ತಾರೆ. ದೇವರ ಕಥೆಗಳೂ ಇವೆ. ಮಳೆ, ಬೆಳೆಯ ದೇವರು ಇಗ್ಗುತಪ್ಪ ಒಡಹುಟ್ಟಿದವರ ಜೊತೆ ಸಮುದ್ರದ ಕಡೆಯಿಂದ ಬಂದವನಂತೆ. ಅವನು ನೆಲೆಸಿದ್ದು ಕಕ್ಕಬ್ಬೆಯ ಪಾಡಿಯಲ್ಲಿ. ಹತ್ತಿರದಲ್ಲೇ 1748 ಮೀಟರ್ ಎತ್ತರದ ತಡಿಯಂಡಮೋಳ್, ಕೊಡಗಿನ ಅತಿ ಎತ್ತರದ ಬೆಟ್ಟ. ಅರಬ್ಬೀ ಸಮುದ್ರದಿಂದ ಬರುವ ಮುಂಗಾರು ಮೋಡ ಈ ಬೆಟ್ಟಸಾಲಿಗೆ ತಾಗಿ ಮಳೆ ಸುರಿಸುತ್ತದೆ, ಕೆಳಗಿನ ಗದ್ದೆ ತುಂಬುತ್ತದೆ. ಮಳೆ ಬಂದ ದಾರಿಯಲ್ಲೇ ಮಳೆಯ ದೇವರೂ ಬಂದಿದ್ದಾನೆ, ಅಲ್ವಾ?

ಬಾಯಿಂದ ಬಾಯಿಗೆ ಬಂದ ಈ ಹಾಡುಗಳನ್ನು ನಡಿಕೇರಿಯಂಡ ಚಿಣ್ಣಪ್ಪನವರು ಕೇಳಿ ಬರೆದುಕೊಂಡರು. ಅವರ ‘ಪಟ್ಟೋಲೆ ಪಳಮೆ’ 1924ರಲ್ಲಿ ಅಚ್ಚಾಯಿತು. ಕೊಡವ ಭಾಷೆ, ಕನ್ನಡ ಲಿಪಿ. ನಿಧಾನಕ್ಕೆ ಓದಿದರೆ ಕನ್ನಡಿಗರಿಗೂ ಸಾಕಷ್ಟು ದಕ್ಕುತ್ತದೆ.

ಮತ್ತೆ ಕೇಳಬೇಕು ಅಂದರೆ ಪುತ್ತರಿಗೆ ಬನ್ನಿ. ಸಾಮಾನ್ಯವಾಗಿ ನವೆಂಬರ್ ಕೊನೆ ಅಥವಾ ಡಿಸೆಂಬರಿನ ಹುಣ್ಣಿಮೆ ಸಮಯ. ಕದಿರು ಕೊಯ್ಯುವ ಮುಹೂರ್ತ ಪಾಡಿ ಇಗ್ಗುತಪ್ಪನ ಸನ್ನಿಧಿಯಲ್ಲೇ ನಿಗದಿಯಾಗುತ್ತದೆ. ಆಮೇಲಿನ ದಿನಗಳಲ್ಲಿ ಊರಿನ ಬಯಲುಗಳಾದ ಮಂದ್‌ಗಳಲ್ಲಿ ಕೋಲಾಟ, ಮನೆಮನೆಗೆ ಹೋಗಿ ಹಾಡುವ ತಂಡಗಳು. ಸುಮ್ನೆ ಒಂದು ನಿಮಿಷ ವಿಡಿಯೊ ಮಾಡಿಕೊಂಡು ಹೊರಡಬೇಡಿ. ಪಕ್ಕದಲ್ಲಿ ಕೂತ ಹಿರಿಯರನ್ನು ಕೇಳಿ, ಸಾಲು ಸಾಲಿಗೂ ಅರ್ಥ ಹೇಳುವವರು ಇನ್ನೂ ಇದ್ದಾರೆ.