ಸಿಟಿಒ ಬೇಕಾ, ವಿಪಿ ಬೇಕಾ? ನಾನು ಎಡವಿದ ಜಾಗದ ಟಿಪ್ಪಣಿ

ಕುವೆಂಪುನಗರದಲ್ಲಿ ಭಾನುವಾರ ಸೇರುವ ನಮ್ಮ ಓದುಗುಂಪಿನಲ್ಲಿ ಈ ಪಾಠ ನನ್ನ ಪಾಲಿಗೆ ಬಂತು. ಬೆಳೆಯುತ್ತಿರುವ ಸ್ಟಾರ್ಟಪ್ಪಿಗೆ ತಾಂತ್ರಿಕ ಮುಖ್ಯಸ್ಥರನ್ನು ಆರಿಸುವುದು ಹೇಗೆ, ಸಿಟಿಒ (ಚೀಫ್ ಟೆಕ್ನಾಲಜಿ ಆಫೀಸರ್) ಬೇಕಾ, ವಿಪಿ (ಎಂಜಿನಿಯರಿಂಗ್ ವಿಭಾಗದ ವೈಸ್ ಪ್ರೆಸಿಡೆಂಟ್) ಬೇಕಾ ಅಂತ. ಎರಡು ವಾರ ಒದ್ದಾಡಿದೆ. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಆಫರ್ ಲೆಟರ್, ನೋಟಿಸ್ ಪೀರಿಯಡ್ ಇಂಥವನ್ನೆಲ್ಲ ಬಿಟ್ಟಿದ್ದೇನೆ, ಅದು ನಿಮಗೆ ಗೊತ್ತು.

ಉದಾಹರಣೆಗೆ ನಾನು ಕೆಲಸ ಮಾಡುವ ಕಂಪನಿಯನ್ನೇ ಇಟ್ಟುಕೊಂಡಿದ್ದೇನೆ. ಮೈಸೂರಿನ ಹೆಬ್ಬಾಳದಲ್ಲಿ ಆಫೀಸು. ಕಬ್ಬಿನ ಲಾರಿಗಳ ತೂಕ, ಬಾಡಿಗೆ ಲೆಕ್ಕ ಇಡುವ ಸಾಫ್ಟ್‌ವೇರ್ ಮಾಡುತ್ತೇವೆ. ಒಂದೂವರೆ ವರ್ಷದಲ್ಲಿ ಎಂಜಿನಿಯರುಗಳು 4ರಿಂದ 13 ಆದರು. ಒಂದು ದಿನ ನಮ್ಮ ಸರ್, ಅಂದರೆ ಕಂಪನಿ ಕಟ್ಟಿದವರು, "ನಮಗೊಬ್ಬ ಸಿಟಿಒ ಬೇಕು" ಅಂದರು. ಯಾಕೆ ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಹೆಸರುಗಳು

ಟೆಕ್ ಲೀಡ್ ಅಂದರೆ ತಾನೂ ಕೋಡ್ ಬರೆಯುತ್ತಾ ನಾಲ್ಕೈದು ಜನರಿಗೆ ದಾರಿ ತೋರಿಸುವವರು. ಎಂಜಿನಿಯರಿಂಗ್ ಮ್ಯಾನೇಜರ್ ಅಂದರೆ ಆ ಜನರನ್ನೇ ನೋಡಿಕೊಳ್ಳುವವರು. ಇವೆರಡರಲ್ಲಿ ಗೊಂದಲ ಇಲ್ಲ.

ಸಿಟಿಒ ಮತ್ತು ವಿಪಿ ಎಂಜಿನಿಯರಿಂಗ್ ಬಂದಾಗ ನನ್ನ ತಲೆ ಕೆಟ್ಟಿತು. ವಿಪಿ ಅಂದರೆ ಸಿಟಿಒ ಕೈಕೆಳಗಿನ ಚಿಕ್ಕ ಸಿಟಿಒ ಅಂತ ನಾನು ಅಂದುಕೊಂಡಿದ್ದೆ. ಕೆಲವು ಕಡೆ ವಿಪಿ ಸಿಟಿಒಗೆ ವರದಿ ಮಾಡುವುದೂ ನಿಜ. ಆದರೆ ಸಾಮಾನ್ಯವಾಗಿ ಇಬ್ಬರೂ ನೋಡುವ ದಿಕ್ಕು ಬೇರೆ. ಏನು ಕಟ್ಟಬೇಕು, ಯಾವ ತಂತ್ರಜ್ಞಾನ ಮೂರು ವರ್ಷ ತಾಳುತ್ತದೆ, ಇದು ಸಿಟಿಒ ತಲೆನೋವು. ಕಟ್ಟುವ ತಂಡ ಸರಿಯಾಗಿ ನಡೆಯುತ್ತಿದೆಯಾ, ಹೇಳಿದ ದಿನಕ್ಕೆ ಕೆಲಸ ಮುಗಿಯುತ್ತಾ, ಇದು ವಿಪಿ ತಲೆನೋವು.

ಇದನ್ನು ಪಾಂಡವಪುರದ ಹತ್ತಿರ ಆಲೆಮನೆ ಇಟ್ಟಿರುವ ನಮ್ಮ ದೊಡ್ಡಪ್ಪನಿಗೆ ಹೇಳಿದೆ. "ಅದ್ರಲ್ಲೇನೈತೆ? ಕೊಪ್ಪರಿಗೆ ಮುಂದೆ ನಿಂತು ಹದ ನೋಡೋನು ಬೇರೆ, ಗದ್ದೆಗೆ ಗಾಡಿ ಕಳ್ಸೋನು ಬೇರೆ ಕಣಪ್ಪ" ಅಂದರು. ಹದ ನೋಡುವವನು ಎಷ್ಟೇ ಜಾಣ ಆಗಿರಲಿ, ಕಡಿದ ಕಬ್ಬು ಗಾಣಕ್ಕೆ ಬರದೆ ಗದ್ದೆಯಲ್ಲೇ ಒಣಗುತ್ತಿದ್ದರೆ ಅವನೇನು ಮಾಡುತ್ತಾನೆ? "ನಿಮ್ಮಲ್ಲಿ ಇಬ್ಬರು ಇದಾರಾ?" ಅಂತ ಕೇಳಿದೆ. "ಒಂದು ಕೊಪ್ಪರಿಗೆ ಇದ್ದಾಗ ನಾನೇ ಎರಡೂ ಮಾಡ್ತಿದ್ದೆ" ಅಂದರು. ನಾಲ್ಕೇ ಜನ ಎಂಜಿನಿಯರುಗಳಿದ್ದಾಗ ನಮ್ಮ ಸರ್ ಮಾಡುತ್ತಿದ್ದದ್ದೂ ಅದನ್ನೇ.

ಇನ್ನೊಂದು ವಿಷಯ. 2013ರ ಕಂಪನಿ ಕಾಯ್ದೆಯ ಕಲಂ 2(51) ಕಂಪನಿಯ ಪ್ರಮುಖ ಅಧಿಕಾರಿಗಳು ಯಾರು ಅಂತ ಹೇಳುತ್ತದೆ. ಅಲ್ಲಿ ಸಿಇಒ, ಸಿಎಫ್‌ಒ (ಹಣಕಾಸಿನ ಮುಖ್ಯಸ್ಥರು), ಕಂಪನಿ ಸೆಕ್ರೆಟರಿ ಎಲ್ಲ ಹೆಸರು ಹಿಡಿದು ಬರುತ್ತಾರೆ. ಸಿಟಿಒ ಹೆಸರಿಲ್ಲ. ಹಾಗಾಗಿ ಈ ಹುದ್ದೆಗೆ ಏನರ್ಥ ಅಂತ ಆಯಾ ಕಂಪನಿಯೇ ಬರೆದುಕೊಳ್ಳಬೇಕು. ನಮ್ಮಲ್ಲಿ ಬರೆದಿರಲಿಲ್ಲ.

4ರಿಂದ 13ಕ್ಕೆ ಹೋದಾಗ

ಜನರ ನಡುವಿನ ಮಾತಿನ ದಾರಿಗಳನ್ನು ಎಣಿಸುವ ಸೂತ್ರ: ಜನರ ಸಂಖ್ಯೆಯನ್ನು ಅದಕ್ಕಿಂತ ಒಂದು ಕಡಿಮೆ ಸಂಖ್ಯೆಯಿಂದ ಗುಣಿಸಿ, ಎರಡರಿಂದ ಭಾಗಿಸಿ. 4 ಜನಕ್ಕೆ 6 ದಾರಿ. 13 ಜನಕ್ಕೆ 78. ಜನ ಮೂರು ಪಟ್ಟು ಚಿಲ್ಲರೆ, ದಾರಿ 13 ಪಟ್ಟು! ತಡವಾದ ಪ್ರಾಜೆಕ್ಟಿಗೆ ಜನ ಸೇರಿಸಿದರೆ ಇನ್ನೂ ತಡವಾಗುತ್ತದೆ ಅಂತ ಕಂಪ್ಯೂಟರ್ ವಿಜ್ಞಾನಿ ಫ್ರೆಡ್ ಬ್ರೂಕ್ಸ್ 1975ರಲ್ಲಿ ಹೇಳಿದ್ದಕ್ಕೆ ಇದೂ ಒಂದು ಕಾರಣ.

ಮೂರು ತಿಂಗಳ ಪಟ್ಟಿ (ಇಲ್ಲೇ ನಾನು ಎಡವಿದ್ದು)

ಹುದ್ದೆಯ ಹೆಸರು ಬಿಟ್ಟು, ಹಿಂದಿನ ಮೂರು ತಿಂಗಳಲ್ಲಿ ಏನೇನು ಕೆಟ್ಟಿತು ಅಂತ ಪಟ್ಟಿ ಮಾಡಿದೆ. ವಾಟ್ಸಾಪ್ ಗುಂಪು ಕೆದಕಿದಾಗ 31 ಸಿಕ್ಕವು. ತಾಂತ್ರಿಕ ಅಂತ 22, ಜನರದ್ದು ಅಂತ 9 ವಿಂಗಡಿಸಿದೆ. ಹಾಗಿದ್ದರೆ ಸಿಟಿಒನೇ ಬೇಕು, ಸರ್ ಹೇಳಿದ್ದೇ ಸರಿ ಅನ್ನಿಸಿತು. ಇದು ತಪ್ಪು.

ಯಾಕೆ ತಪ್ಪು ಅನ್ನುವುದಕ್ಕೆ ಒಂದೇ ಘಟನೆ ತೆಗೆದುಕೊಳ್ಳೋಣ. ಒಂದು ಶುಕ್ರವಾರ ಸಂಜೆ ಮದ್ದೂರಿನ ಗ್ರಾಹಕರೊಬ್ಬರು ಫೋಟೋ ಕಳಿಸಿದರು. ಒಂದೇ ಲಾರಿ, ಒಂದೇ ತೂಕ, ಆದರೆ ಚೀಟಿ ಎರಡು. ಏನಾಗಿತ್ತು ಅಂದರೆ, ನೆಟ್‌ವರ್ಕ್ ಕೈಕೊಟ್ಟಾಗ ಅದೇ ಮಾಹಿತಿಯನ್ನು ಮತ್ತೆ ಕಳಿಸುವ ಹಾಗೆ ಮೊಬೈಲ್ ಆ್ಯಪ್ ಹುಡುಗರು ಬದಲಾಯಿಸಿದ್ದರು. ಒಳ್ಳೆಯ ಕೆಲಸ. ಅದೇ ವಾರ ಸರ್ವರ್ ಹುಡುಗರು ವೇಗ ಹೆಚ್ಚಿಸಲು, ಒಂದೇ ಚೀಟಿ ಎರಡು ಸಲ ಬಂತಾ ಅಂತ ನೋಡುವ ತಪಾಸಣೆ ತೆಗೆದಿದ್ದರು. ಅವರ ಲೆಕ್ಕದಲ್ಲಿ ಅದೂ ಸರಿ, ಎರಡು ಸಲ ಬರುತ್ತಲೇ ಇರಲಿಲ್ಲ. ಇವರು ಮೇಲಿನ ಮಹಡಿ, ಅವರು ಕೆಳಗಿನ ಮಹಡಿ.

ಕೆಟ್ಟಿದ್ದು ಕೋಡ್, ಅದಕ್ಕೇ ನಾನು ತಾಂತ್ರಿಕ ಅಂತ ಬರೆದೆ. ಆದರೆ ಏನು ಕೆಟ್ಟಿತು ಅಂತ ಕೇಳಿದರೆ ಸಾಫ್ಟ್‌ವೇರ್ ಕಂಪನಿಯಲ್ಲಿ ಉತ್ತರ ಯಾವಾಗಲೂ ಕೋಡೇ ಅಲ್ವಾ! ಬೇರೆ ಪ್ರಶ್ನೆ ಕೇಳಬೇಕು: ಇದನ್ನು ತಡೆಯುವ ತಿಳಿವಳಿಕೆ ಆ ದಿನ ಆಫೀಸಿನಲ್ಲಿ ಯಾರಿಗಾದರೂ ಇತ್ತಾ?

ಯಾರಿಗೂ ಇರಲಿಲ್ಲ ಅಂದರೆ ತಿಳಿದವರನ್ನು ತರಬೇಕು, ಅದು ಸಿಟಿಒ ಕಡೆ. ಒಬ್ಬರಿಗೆ ಇತ್ತು, ಬೇಕಾದವರಿಗೆ ತಲುಪಲಿಲ್ಲ ಅಂದರೆ ವಿಪಿ ಕಡೆ. ಗೊತ್ತಿತ್ತು, ತಲುಪಿಯೂ ಇತ್ತು, ಆದರೆ ಸರ್ ಒಂದು ಮಾತು ಹೇಳಲಿ ಅಂತ ಕಾಯುತ್ತಾ ಕೂತಿದ್ದೆವು ಅಂದರೆ? ಅದಕ್ಕೆ ಯಾರನ್ನು ತಂದರೂ ಪ್ರಯೋಜನ ಇಲ್ಲ. ಸರ್ ಕೈಬಿಡುವವರೆಗೆ ಹೊಸಬರೂ ನಮ್ಮ ಜೊತೆ ಕಾಯುತ್ತಾರೆ, ಅಷ್ಟೇ.

ಎರಡು ಚೀಟಿ ಪ್ರಕರಣದಲ್ಲಿ ಎರಡೂ ಕಡೆಯವರಿಗೆ ಅರ್ಧರ್ಧ ಗೊತ್ತಿತ್ತು. ಐದು ನಿಮಿಷ ಮಾತಾಡಿದ್ದರೆ ಮುಗಿಯುತ್ತಿತ್ತು. ಒಂದು ಸಂಸ್ಥೆಯ ಜನ ಹೇಗೆ ಮಾತಾಡಿಕೊಳ್ಳುತ್ತಾರೋ ಅವರು ಕಟ್ಟುವ ವ್ಯವಸ್ಥೆಯೂ ಅದೇ ಆಕಾರ ತಾಳುತ್ತದೆ ಅಂತ ಕಂಪ್ಯೂಟರ್ ವಿಜ್ಞಾನಿ ಮೆಲ್ವಿನ್ ಕಾನ್ವೇ 1968ರಲ್ಲಿ ಬರೆದದ್ದನ್ನು ನಾನು ಬಾಯಿಪಾಠ ಮಾಡಿದ್ದೆ. ನಮ್ಮ ಎರಡು ಮಹಡಿ ನೋಡಿದ ಮೇಲೆ ಅರ್ಥವಾಯಿತು.

ಇದೇ ಪ್ರಶ್ನೆ ಹಿಡಿದು 31ನ್ನೂ ಮತ್ತೆ ವಿಂಗಡಿಸಿದೆ. ಯಾರಿಗೂ ಗೊತ್ತಿಲ್ಲದ್ದು 6. ಗೊತ್ತಿದ್ದೂ ತಲುಪದ್ದು 17. ಸರ್ ಹತ್ತಿರ ನಿಂತದ್ದು 8. ಪಟ್ಟಿ ಅದೇ, ಉತ್ತರ ತಿರುಗಾಮುರುಗಾ. ನಿಮ್ಮ ಕಂಪನಿಯಲ್ಲಿ 6ರ ಜಾಗದಲ್ಲಿ 20 ಬರಬಹುದು, ಆಗ ಸಿಟಿಒನೇ ಸರಿ.

ಸಂದರ್ಶನ

ಕಾಫಿ ಕುಡಿಯುತ್ತಾ ಸುಮ್ನೆ ಮಾತಾಡಿ ಆರಿಸುವುದು ನಮ್ಮ ಅಭ್ಯಾಸ. ಶ್ಮಿಟ್ ಮತ್ತು ಹಂಟರ್ ಎಂಬ ಮನಶ್ಶಾಸ್ತ್ರಜ್ಞರು 1998ರಲ್ಲಿ ಹಳೆಯ ಸಂಶೋಧನೆಗಳನ್ನೆಲ್ಲ ಒಟ್ಟು ಹಾಕಿ ನೋಡಿದರು. ಆಯ್ಕೆಯ ವಿಧಾನಕ್ಕೂ ಮುಂದೆ ಆ ವ್ಯಕ್ತಿ ಮಾಡುವ ಕೆಲಸಕ್ಕೂ ಎಷ್ಟು ಹೊಂದಾಣಿಕೆ ಅನ್ನುವ ಲೆಕ್ಕ ಅದು, 1 ಅಂದರೆ ಪೂರ್ತಿ. ಎಲ್ಲರಿಗೂ ಒಂದೇ ಪ್ರಶ್ನೆ, ಮೊದಲೇ ಗೊತ್ತುಮಾಡಿದ ಅಂಕ ಇರುವ ಸಂದರ್ಶನಕ್ಕೆ 0.51. ಬಾಯಿಗೆ ಬಂದದ್ದು ಕೇಳುವ ಸಂದರ್ಶನಕ್ಕೆ 0.38. ಅನುಭವದ ವರ್ಷಗಳಿಗೆ ಬರೀ 0.18. 2022ರಲ್ಲಿ ಸ್ಯಾಕೆಟ್ ಮತ್ತು ಜೊತೆಗಾರರು ಮತ್ತೆ ಲೆಕ್ಕ ಹಾಕಿದಾಗ ಮೊದಲನೆಯದು 0.42ಕ್ಕೆ ಇಳಿಯಿತು, ಆದರೂ ಮೇಲಿನ ಸ್ಥಾನ ಅದಕ್ಕೇ. "ದೊಡ್ಡ ಕಂಪನಿಯಲ್ಲಿ 18 ವರ್ಷ" ಅಂತ ಕಂಡ ಕೂಡಲೇ ನಾವು ಕುರ್ಚಿ ಎಳೆದು ಕೊಡುತ್ತೇವಲ್ಲ, ಅದಕ್ಕೇ ಇದನ್ನು ಬರೆದೆ.

ಬಂದವರಿಗೆಲ್ಲ ಎರಡು ಚೀಟಿಯ ಕಥೆ ಕೊಡೋಣ ಅಂತಿದ್ದೇನೆ. ಕೆಲವರು ತಕ್ಷಣ ಡೇಟಾಬೇಸ್ ಕಡೆ ಹೋಗುತ್ತಾರೆ, ಕೆಲವರು "ಇವರಿಬ್ಬರೂ ಕೊನೆಯ ಸಲ ಯಾವಾಗ ಮಾತಾಡಿದ್ದರು?" ಅಂತ ಕೇಳುತ್ತಾರೆ. ಎರಡೂ ತಪ್ಪಲ್ಲ. ನಮಗೆ ಬೇಕಾದವರು ಎರಡನೆಯವರು.

ಷೇರು

ಹೊಸದಾಗಿ ಬರುವವರಿಗೆ ಕಂಪನಿಯ ಒಂದು ಪರ್ಸೆಂಟ್ ಷೇರು ಕೊಡುತ್ತೇವೆ ಅಂದರೆ ಬಂದ ದಿನವೇ ಎಲ್ಲ ಕೊಡುವುದಲ್ಲ. ನಾಲ್ಕು ವರ್ಷದಲ್ಲಿ ಸ್ವಲ್ಪ ಸ್ವಲ್ಪವಾಗಿ ಕೊಡುವುದು ವಾಡಿಕೆ. ಷೇರಿನ ಹಕ್ಕು ಕೊಟ್ಟ ದಿನದಿಂದ ಅದು ಕೈಗೆ ಹತ್ತುವುದಕ್ಕೆ ಕನಿಷ್ಠ ಒಂದು ವರ್ಷ ಇರಬೇಕು ಅಂತ 2014ರ ನಿಯಮ ಇದೆ. 11 ತಿಂಗಳಿಗೆ ಬಿಟ್ಟರೆ ಸೊನ್ನೆ. 12ಕ್ಕೆ 0.25 ಪರ್ಸೆಂಟ್. ಆಮೇಲೆ ತಿಂಗಳಿಗಿಷ್ಟು ಅಂತ ಸೇರುತ್ತಾ ಹೋದರೆ 18 ತಿಂಗಳಿಗೆ 0.375. ನಡುವೆ ಹೂಡಿಕೆದಾರರು ಬಂದು ಹೊಸ ಷೇರು ತೆಗೆದುಕೊಂಡು ಆಮೇಲೆ ಕಂಪನಿಯ 20 ಪರ್ಸೆಂಟ್ ಅವರದ್ದಾದರೆ ಇವರ 1 ಕೂಡ 0.8 ಆಗುತ್ತದೆ. ಇದನ್ನು ಮೊದಲೇ ಕಾಗದದ ಮೇಲೆ ತೋರಿಸದಿದ್ದರೆ ಆಮೇಲೆ ಮುಖ ಮುರಿಯುವುದು ಖಂಡಿತ.

ಪಟ್ಟಿಯನ್ನು ಹೋದ ಬುಧವಾರ ಸರ್‌ಗೆ ಕೊಟ್ಟೆ. ಅವರ ಹತ್ತಿರ ನಿಂತ ಎಂಟು ಸಾಲನ್ನು ಎರಡು ಸಲ ಓದಿದರು. "ಇದ್ರಲ್ಲಿ ಆರನೇದು ನಾನಲ್ಲ ಕಣ್ರೀ" ಅಂದರು. ಸ್ವಲ್ಪ ಹೊತ್ತಾದ ಮೇಲೆ "ನಾನೇ ಬಿಡಿ" ಅಂದರು. ಜಾಹೀರಾತು ಇನ್ನೂ ಹೋಗಿಲ್ಲ. ಹುದ್ದೆಯ ಹೆಸರಿನ ಜಾಗದಲ್ಲಿ ಸಿಟಿಒ ಹೊಡೆದು ಹಾಕಿ, ಪೆನ್ಸಿಲ್ಲಿನಲ್ಲಿ "ವಿಪಿ?" ಅಂತ ಬರೆದಿದ್ದಾರೆ.